ಭಾರ ಎತ್ತುವ ಮೊದಲು ಮೈ ಬೆಚ್ಚಗಾಗಲಿ

ತಣ್ಣಗಿರುವ ಕಾವಲಿಯ ಮೇಲೆ ನೀವು ಎಂದಾದರೂ ದೋಸೆ ಹುಯ್ದಿದ್ದೀರಾ? ಹೊಸದಾಗಿ ಅಡುಗೆ ಕಲಿಯುವ ಹುಡುಗಿ ಕೂಡ ಹಾಗೆ ಮಾಡುವುದಿಲ್ಲ. ಕಾವಲಿ ಕಾಯಬೇಕು, ನೀರು ಚಿಮುಕಿಸಿದರೆ ಚುರ್ ಅನ್ನಬೇಕು, ಆಮೇಲೆ ಹಿಟ್ಟಿಗೆ ಸೌಟು. ಅವಸರ ಮಾಡಿದರೆ ಮೊದಲ ದೋಸೆ ಕಾವಲಿಗೇ ಅಂಟಿಕೊಂಡು ಚೂರು ಚೂರಾಗಿ ಬರುತ್ತದೆ. ಇಷ್ಟೆಲ್ಲ ಬಲ್ಲ ನಾವು, ನಮ್ಮ ಮೈ ವಿಚಾರ ಬಂದಾಗ ಮಾತ್ರ ಹಾಸಿಗೆಯಿಂದ ಎದ್ದವರೇ ನೇರ ಹೋಗಿ ತುಂಬಿದ ಕೊಡ ಎತ್ತುತ್ತೇವೆ. ಸೊಂಟ ಹಿಡಿದುಕೊಂಡ ಮೇಲೆ ‘ವಯಸ್ಸಾಯ್ತು ಕಣ್ರೀ’ ಅಂತ ವಯಸ್ಸಿನ ಮೇಲೆ ಹಾಕುತ್ತೇವೆ.

ಇದನ್ನು ಬರೆಯುವುದಕ್ಕೆ ಕಾರಣವಿದೆ. ಈಗ ಸಣ್ಣ ಊರುಗಳಲ್ಲೂ ಜಿಮ್‌ಗಳು ಬಂದಿವೆ. ಗಂಡಸರೆಲ್ಲ ಕೆಲಸಕ್ಕೆ ಹೋದ ಮೇಲೆ, ಮಕ್ಕಳು ಶಾಲೆ ಸೇರಿದ ಮೇಲೆ, ಹತ್ತೂವರೆಗೋ ಹನ್ನೊಂದಕ್ಕೋ ‘ಲೇಡೀಸ್ ಬ್ಯಾಚ್’ ಅಂತ ನಡೆಯುತ್ತದೆ. ಪಾರ್ಕುಗಳಲ್ಲಿ ಬಣ್ಣ ಬಳಿದ ಕಬ್ಬಿಣದ ವ್ಯಾಯಾಮದ ಉಪಕರಣಗಳನ್ನು ನೆಟ್ಟಿದ್ದಾರೆ. ಹತ್ತು ವರ್ಷದ ಹಿಂದೆ ಡಂಬೆಲ್ ಎಂದರೆ ಹುಡುಗರ ಆಟದ ಸಾಮಾನು ಎಂದುಕೊಂಡಿದ್ದ ನಮ್ಮಂಥವರೇ ಇವತ್ತು ಅದನ್ನು ಕೈಗೆ ತೆಗೆದುಕೊಳ್ಳುತ್ತಿದ್ದೇವೆ. ಬಹಳ ಒಳ್ಳೆಯ ಬದಲಾವಣೆ. ಆದರೆ ಎಷ್ಟೋ ಜನ ಸೇರಿದ ಮೊದಲ ವಾರವೇ ಎಲ್ಲೋ ನೋವು ಮಾಡಿಕೊಂಡು, ‘ಇದು ನಮಗಲ್ಲ’ ಅಂತ ಬಿಟ್ಟುಬಿಡುತ್ತಾರೆ. ಅಲ್ಲೇ ಬೇಸರ.

ನನಗೆ ಪರಿಚಯದ ಒಬ್ಬಾಕೆಯ ಸಂಗತಿ ಕೇಳಿ. ಆಕೆಗೆ 46 ವರ್ಷ. ಹಟ ಹಿಡಿದು, ಚೀಟಿ ದುಡ್ಡಿನಲ್ಲಿ ಮೂರು ತಿಂಗಳ ಫೀಸು ಕಟ್ಟಿ ಸೇರಿಕೊಂಡರು. ಮೂರನೆಯ ದಿನ ಮನೆಯಲ್ಲಿ ಸಾರು ಮುಗಿಸಿ ಹೊರಡುವಾಗಲೇ ಇಪ್ಪತ್ತು ನಿಮಿಷ ತಡ. ಉಳಿದ ಹೊತ್ತಾದರೂ ದಂಡವಾಗದಿರಲಿ ಅಂತ, ಮೊದಲ ಹತ್ತು ನಿಮಿಷದ ನಡಿಗೆ ಬಿಟ್ಟು, ಎರಡೂ ಕೈಗೆ ಐದೈದು ಕೆ.ಜಿ. ಡಂಬೆಲ್ ತೆಗೆದುಕೊಂಡು ತಲೆಯ ಮೇಲಕ್ಕೆ ಎತ್ತಿದರು. ಮಾರನೆಯ ಬೆಳಿಗ್ಗೆ ಜಡೆ ಹೆಣೆದುಕೊಳ್ಳಲು ಕೈ ಹಿಂದಕ್ಕೆ ಹೋಗಲಿಲ್ಲ. ‘ಈ ವಯಸ್ಸಲ್ಲಿ ನಿನಗ್ಯಾಕೆ ಬೇಕಿತ್ತು ಇದೆಲ್ಲ?’ ಎಂದು ಯಜಮಾನರು ಅಂದದ್ದೇ ನೆವ, ಆಕೆ ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಫೀಸೂ ಹೋಯಿತು, ಹುಮ್ಮಸ್ಸೂ ಹೋಯಿತು.

ವಾರ್ಮ್‌ಅಪ್ ಒಂದು ಮಾಡಿದ್ದರೆ ಆಕೆಯ ಭುಜ ಉಳಿಯುತ್ತಿತ್ತೇ? ಪೂರ್ತಿ ಹಾಗೆ ಹೇಳುವುದು ತಪ್ಪು. ಹೊಸಬರಿಗೆ ಐದು ಕೆ.ಜಿ. ತಲೆಯ ಮೇಲೆತ್ತುವುದೇ ಜಾಸ್ತಿಯಾಯಿತು. ಆದರೆ ಮೈ ಕಾದಿದ್ದರೆ, ಮೊದಲು ಒಂದು ಕೆ.ಜಿ. ಎತ್ತಿ ನೋಡಿದ್ದರೆ, ‘ಇದು ಭಾರ ಕಣಮ್ಮ’ ಎಂದು ಭುಜವೇ ಮೊದಲು ಹೇಳುತ್ತಿತ್ತು. ತಣ್ಣಗಿರುವ ಮೈ ಅಂಥ ಎಚ್ಚರಿಕೆ ಕೊಡುವುದು ತಡವಾಗಿ.

ನಾವು ಭಾರ ಎತ್ತುವವರಲ್ಲವೇ?

‘ಜಿಮ್ಮಿಗೆ ಹೋಗೋರಿಗೆ ಹೇಳಿ, ನಮಗೇನು?’ ಎಂದು ಪುಟ ತಿರುಗಿಸಬೇಡಿ. ನಿಮ್ಮ ಒಂದು ದಿನದ ಲೆಕ್ಕ ಹಾಕೋಣ. ಒಂದು ಲೀಟರ್ ನೀರು ಎಂದರೆ ಒಂದು ಕೆ.ಜಿ. ಹನ್ನೆರಡು ಲೀಟರಿನ ಕೊಡ ತುಂಬಿದರೆ ಕೊಡದ ತೂಕವೂ ಸೇರಿ ಹದಿಮೂರು ಕೆ.ಜಿ. ಹತ್ತಿರ. ಕುಡಿಯುವ ನೀರಿನ ಕ್ಯಾನು 20 ಲೀಟರು, ಅಂದರೆ 20 ಕೆ.ಜಿ.ಗೂ ಮೇಲೆ. ಅಕ್ಕಿ ಮೂಟೆ 25-26 ಕೆ.ಜಿ. ಗ್ಯಾಸ್ ಸಿಲಿಂಡರಿನಲ್ಲಿ ಅನಿಲವೇ 14.2 ಕೆ.ಜಿ., ಕಬ್ಬಿಣದ್ದೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಎರಡೂ ಸೇರಿ 30 ಕೆ.ಜಿ. ಆಸುಪಾಸು. ನೆನೆದ ಬೆಡ್‌ಶೀಟುಗಳ ಬಕೆಟ್ಟು, ಎತ್ತಿಕೋ ಎಂದು ಕೈ ಚಾಚುವ ಎರಡು ವರ್ಷದ ಮೊಮ್ಮಗು, ಇವೆಲ್ಲ ಲೆಕ್ಕಕ್ಕೇ ಬರುವುದಿಲ್ಲ.

ಒಲಿಂಪಿಕ್ಸ್‌ನಲ್ಲಿ ಹೆಂಗಸರ ಭಾರ ಎತ್ತುವ ಸ್ಪರ್ಧೆ ಮೊದಲು ಸೇರಿದ್ದು 2000ದಲ್ಲಿ, ಸಿಡ್ನಿಯಲ್ಲಿ. ಆ ವರ್ಷವೇ ನಮ್ಮ ಆಂಧ್ರದ ಕರ್ಣಂ ಮಲ್ಲೇಶ್ವರಿ ಎರಡು ಎತ್ತುಗಳಲ್ಲಿ ಒಟ್ಟು 240 ಕೆ.ಜಿ. ಎತ್ತಿ ಕಂಚು ತಂದರು. ಒಲಿಂಪಿಕ್ ಪದಕ ತಂದ ಮೊದಲ ಭಾರತೀಯ ಮಹಿಳೆ ಅವರು. 2021ರಲ್ಲಿ ಟೋಕಿಯೋದಲ್ಲಿ ಬೆಳ್ಳಿ ಗೆದ್ದ ಮಣಿಪುರದ ಮೀರಾಬಾಯಿ ಚಾನು ಸಣ್ಣವಳಿದ್ದಾಗ ಕಾಡಿನಿಂದ ಸೌದೆ ಹೊರೆ ಹೊತ್ತು ತರುತ್ತಿದ್ದ ಹುಡುಗಿ. ನಮ್ಮ ಕುಂದಾಪುರ ಕಡೆಯ ಗುರುರಾಜ ಪೂಜಾರಿ 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ತಂದದ್ದು ನಿಮಗೆ ನೆನಪಿರಬಹುದು. ಇಂಥವರು ವೇದಿಕೆಗೆ ಬಂದು ಒಂದೆರಡು ನಿಮಿಷದಲ್ಲಿ ಎತ್ತಿ ಇಳಿಸಿ ಹೋಗುವುದನ್ನಷ್ಟೇ ಟೀವಿಯಲ್ಲಿ ನಾವು ನೋಡುತ್ತೇವೆ. ವೇದಿಕೆಯ ಹಿಂದೆ ಒಂದು ಕೋಣೆ ಇರುತ್ತದೆ. ಅಲ್ಲಿ ಅವರು ಮೊದಲು ಕೈಕಾಲು ಆಡಿಸಿ, ಬರೀ ಸಲಾಕೆ ಎತ್ತುತ್ತಾರೆ. ಹೆಂಗಸರ ಸಲಾಕೆ 15 ಕೆ.ಜಿ., ಗಂಡಸರದು 20. ಆಮೇಲೆ ಒಂದೊಂದೇ ಬಿಲ್ಲೆ ಸೇರಿಸುತ್ತಾ ಮೇಲೇರುತ್ತಾರೆ. ನೂರು ಕೆ.ಜಿ. ಎತ್ತಬಲ್ಲವರೇ ಖಾಲಿ ಸಲಾಕೆಯಿಂದ ಶುರುಮಾಡುವಾಗ, ನಾವು ನಿದ್ದೆಗಣ್ಣಿನಲ್ಲಿ ನೀರಿನ ಕ್ಯಾನಿಗೆ ಕೈ ಹಾಕುವುದು ಯಾವ ಧೈರ್ಯದ ಮೇಲೆ?

ಇದೇನೂ ಪರದೇಶದಿಂದ ಬಂದ ಹೊಸ ಸಂಗತಿಯೂ ಅಲ್ಲ. ಮೈಸೂರಿನ ಗರಡಿಮನೆಗಳಲ್ಲಿ ಪೈಲ್ವಾನರು ಗದೆಗೋ ಕಲ್ಲುಗುಂಡಿಗೋ ಕೈ ಹಚ್ಚುವ ಮುಂಚೆ ಬಸ್ಕಿ, ದಂಡ ಹೊಡೆದು ಮೈ ಬೆವರಿಸುತ್ತಾರೆ. ಮಟ್ಟಿಯ ಕೆಮ್ಮಣ್ಣನ್ನು ಗುದ್ದಲಿಯಿಂದ ಅಗೆದು ಹದ ಮಾಡುವುದೂ ಅವರಿಗೆ ಸಾಮಿನ ಒಂದು ಭಾಗವೇ. ಮಣ್ಣೂ ಹದವಾಯಿತು, ಮೈಯೂ ಹದವಾಯಿತು.

ಒಳಗೆ ನಡೆಯುವುದೇನು?

ಮೈ ಬಿಸಿಯಾಗಿದೆ ಎಂದರೆ ನಮ್ಮ ಕಡೆ ಜ್ವರ ಎಂದೇ ಅರ್ಥ. ಹಣೆ ಮುಟ್ಟಿ ನೋಡಿ ಕಷಾಯ ಕಾಸಲು ಹೋಗುತ್ತೇವೆ. ಇಲ್ಲಿ ಹೇಳುತ್ತಿರುವ ಬಿಸಿ ಅದಲ್ಲ. ನಿಧಾನವಾಗಿ ನಡೆದಾಗ, ಕೈಕಾಲು ಆಡಿಸಿದಾಗ ದುಡಿಯುವ ಸ್ನಾಯುಗಳ ಒಳಗೇ ಹುಟ್ಟುವ ಒಂದೆರಡು ಡಿಗ್ರಿಯ ಕಾವು.

ಡಿಸೆಂಬರಿನ ಬೆಳಿಗ್ಗೆ ಕೊಬ್ಬರಿ ಎಣ್ಣೆ ಶೀಶೆಯನ್ನು ನೆನೆಸಿಕೊಳ್ಳಿ. ಬೋರಲು ಹಾಕಿದರೂ ಒಂದು ತೊಟ್ಟು ಬೀಳುವುದಿಲ್ಲ. ಬಿಸಿನೀರಿನ ಚೊಂಬಿನಲ್ಲಿ ಎರಡು ನಿಮಿಷ ಇಟ್ಟರೆ ಸರಾಗವಾಗಿ ಹರಿಯುತ್ತದೆ. ನಮ್ಮ ಮಂಡಿ, ಭುಜ, ಸೊಂಟದ ಕೀಲುಗಳೊಳಗೂ ಜಿಡ್ಡಿನಂಥ ಒಂದು ದ್ರವ ಇದೆ. ಎಣ್ಣೆಯ ಹಾಗೆ ಅದು ಹೆಪ್ಪುಗಟ್ಟುವುದಿಲ್ಲ ನಿಜ, ಆದರೆ ಅಲುಗಾಡದೆ ಇದ್ದಾಗ ಮಂದವಾಗಿರುತ್ತದೆ. ಕೀಲು ಆಡಿಸಿದಾಗ ತೆಳುವಾಗಿ ಎಲ್ಲ ಕಡೆ ಹರಡಿಕೊಳ್ಳುತ್ತದೆ. ಮೂಳೆಯ ತುದಿಯ ಮೆತ್ತನೆಯ ಪದರಕ್ಕೆ ರಕ್ತನಾಳಗಳಿಲ್ಲ. ಅದಕ್ಕೆ ಆಹಾರ ಮುಟ್ಟುವುದೂ ಈ ದ್ರವದಿಂದಲೇ. ಬೆಳಿಗ್ಗೆ ಎದ್ದಾಗ ಬಿಗಿಯಾಗಿರುವ ಮಂಡಿ ಹತ್ತು ಹೆಜ್ಜೆ ನಡೆದ ಮೇಲೆ ‘ಬಿಟ್ಟುಕೊಳ್ಳುತ್ತದೆ’ ಅನ್ನುತ್ತೇವಲ್ಲ, ಅದಕ್ಕೆ ಇದೂ ಒಂದು ಕಾರಣ.

ಇನ್ನು ರಕ್ತ. ಸುಮ್ಮನೆ ಕೂತಿರುವಾಗ ಹೃದಯ ಹೊರಹಾಕುವ ರಕ್ತದಲ್ಲಿ ನೂರಕ್ಕೆ 15-20 ಪಾಲು ಮಾತ್ರ ಸ್ನಾಯುಗಳಿಗೆ ಹೋಗುತ್ತದೆ. ಮೈಮುರಿದು ದುಡಿಯುವಾಗ ಅದು 80 ಪಾಲಿನವರೆಗೂ ಏರಬಹುದು. ಇಷ್ಟು ದೊಡ್ಡ ಬದಲಾವಣೆ ಗುಂಡಿ ಒತ್ತಿದ ಹಾಗೆ ಆಗುವುದಿಲ್ಲ. ಕೂದಲಿಗಿಂತ ಸಣ್ಣ ರಕ್ತನಾಳಗಳು ಬೇಕಾದಾಗ ತೆರೆದುಕೊಳ್ಳುತ್ತವೆ, ಬೇಡವಾದಾಗ ಮುಚ್ಚಿಕೊಳ್ಳುತ್ತವೆ ಎಂದು ತೋರಿಸಿದ ಡೆನ್ಮಾರ್ಕಿನ ಆಗಸ್ಟ್ ಕ್ರೋಗ್ ಅವರಿಗೆ 1920ರಲ್ಲಿ ನೊಬೆಲ್ ಬಹುಮಾನ ಬಂತು. (ಅವರ ಹೆಂಡತಿ ಮೇರಿ ಕ್ರೋಗ್ ಕೂಡ ವೈದ್ಯೆ, ಒಳ್ಳೆಯ ಸಂಶೋಧಕಿ. ಬಹುಮಾನದ ಮಾತು ಬಂದಾಗ ಆಕೆಯ ಹೆಸರನ್ನು ಯಾರೂ ಹೇಳುವುದಿಲ್ಲ, ನಾವಾದರೂ ಹೇಳೋಣ.) ಅದೇ ದೇಶದ ಇಬ್ಬರು ವಿಜ್ಞಾನಿಗಳು 1945ರಲ್ಲಿ ಮತ್ತೂ ಒಂದು ವಿಷಯ ತೋರಿಸಿದರು: ಸ್ನಾಯು ಬೆಚ್ಚಗಿದ್ದಾಗ ಅದೇ ಮನುಷ್ಯ ಅದೇ ಕೆಲಸವನ್ನು ಹೆಚ್ಚು ಚುರುಕಾಗಿ ಮಾಡುತ್ತಾನೆ.

ಹೃದಯಕ್ಕೂ ಮುನ್ಸೂಚನೆ ಬೇಕು. 1973ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಯಾವ ಕಾಯಿಲೆಯೂ ಇಲ್ಲದ ಗಂಡಸರನ್ನು ಏಕಾಏಕಿ ಜೋರಾಗಿ ಓಡಿಸಿದಾಗ ಹಲವರ ಇಸಿಜಿಯಲ್ಲಿ ಏರುಪೇರು ಕಾಣಿಸಿತು. ಮೊದಲು ಕೊಂಚ ಹೊತ್ತು ಮೆಲ್ಲಗೆ ಓಡಿಸಿ ಆಮೇಲೆ ಜೋರಾಗಿ ಓಡಿಸಿದಾಗ ಅದು ಬಹಳಷ್ಟು ಕಡಿಮೆಯಾಯಿತು. ಇಂಥ ಪರೀಕ್ಷೆಗಳೆಲ್ಲ ಗಂಡಸರ ಮೇಲೆಯೇ ಯಾಕೆ ನಡೆಯುತ್ತವೋ! ಆದರೂ ಪಾಠ ನಮಗೂ ಅನ್ವಯಿಸುತ್ತದೆ.

ಬೆಳಗಿನ ಸೊಂಟ

ಈ ವಿಷಯವನ್ನು ಕೊಂಚ ವಿವರವಾಗಿ ಹೇಳಬೇಕು, ಏಕೆಂದರೆ ನಮ್ಮ ಭಾರದ ಕೆಲಸವೆಲ್ಲ ಬೆಳಿಗ್ಗೆಯೇ. ನಲ್ಲಿಯಲ್ಲಿ ನೀರು ಬರುವುದು ಐದೂವರೆಗೆ. ಬಂದಾಗ ಹಿಡಿಯದಿದ್ದರೆ ದಿನವೆಲ್ಲ ಪರದಾಟ.

ಬೆನ್ನುಮೂಳೆಯ ಮಣಿಗಳ ನಡುವೆ ಮೆತ್ತೆಗಳಿವೆ, ಡಿಸ್ಕ್ ಅನ್ನುತ್ತಾರಲ್ಲ, ಅವೇ. ರಾತ್ರಿ ಮಲಗಿದಾಗ ಬೆನ್ನಿನ ಮೇಲೆ ಭಾರ ಇರುವುದಿಲ್ಲವಾಗಿ ಈ ಮೆತ್ತೆಗಳು ನೀರು ಹೀರಿಕೊಂಡು ಉಬ್ಬುತ್ತವೆ, ನೆನೆಹಾಕಿದ ಕಡಲೆಯ ಹಾಗೆ. ಬೆಳಿಗ್ಗೆ ಎದ್ದಾಗ ನಾವು ರಾತ್ರಿಗಿಂತ ಒಂದು ಸೆಂಟಿಮೀಟರಿಗೂ ಮೇಲೆ ಉದ್ದ ಇರುತ್ತೇವೆ! ನಂಬಿಕೆ ಇಲ್ಲದಿದ್ದರೆ ಎದ್ದ ಕೂಡಲೇ ಗೋಡೆಗೆ ನಿಂತು ಗುರುತು ಹಾಕಿ, ರಾತ್ರಿ ಮತ್ತೆ ನಿಂತು ನೋಡಿ; ಮಕ್ಕಳಿಗೂ ತಮಾಷೆ. ಹೀಗೆ ಉಬ್ಬಿದ ಮೆತ್ತೆಯ ಮೇಲೆ, ಮುಂದಕ್ಕೆ ಬಗ್ಗಿದಾಗ ಬೀಳುವ ಒತ್ತಡ ದಿನದ ಬೇರೆ ಹೊತ್ತಿಗಿಂತ ಬಹಳ ಹೆಚ್ಚು. ಎದ್ದು ಓಡಾಡುತ್ತಾ ಹೋದಂತೆ ನೀರು ಇಳಿಯುತ್ತದೆ. ಮೊದಲ ಒಂದು ಗಂಟೆಯಲ್ಲೇ ಬಹುಪಾಲು ಇಳಿಯುತ್ತದೆ.

ಹಾಗಾದರೆ ಮಾಡಬೇಕಾದ್ದೇನು? ಎದ್ದ ಮೊದಲ ಅರ್ಧ ಗಂಟೆ ಬಗ್ಗಿ ಭಾರ ಎತ್ತುವ ಕೆಲಸ ಬೇಡ. ಒಂದು ಗಂಟೆ ತಡೆಯುವುದಾದರೆ ಇನ್ನೂ ಒಳ್ಳೆಯದು. ಮುಖ ತೊಳೆಯಿರಿ, ಹಾಲು ಕಾಯಿಸಿ, ರಂಗೋಲಿಗೆ ಬಗ್ಗುವ ಬದಲು ಕುಕ್ಕರಗಾಲಿನಲ್ಲಿ ಕೂತು ಹಾಕಿ, ಅಂಗಳದಲ್ಲಿ ನಾಲ್ಕು ಸುತ್ತು ಬನ್ನಿ. ‘ನಲ್ಲಿ ನೀರು ಕಾಯುತ್ತಾ?’ ಎಂದು ನೀವು ಕೇಳುವುದು ನ್ಯಾಯವೇ. ಕಾಯುವುದಿಲ್ಲ. ಹಾಗಿದ್ದಲ್ಲಿ ಕೊಡ ತುಂಬಾ ತುಂಬಬೇಡಿ, ಅರ್ಧರ್ಧ ಹಿಡಿದು ಎರಡು ಸಲ ನಡೆಯಿರಿ. ಮೊದಲ ನಾಲ್ಕು ಅರ್ಧ ಕೊಡಗಳೇ ನಿಮ್ಮ ವಾರ್ಮ್‌ಅಪ್ ಆಯಿತು.

ಎಂಟು ನಿಮಿಷದ ಕೆಲಸ

ಜಿಮ್ಮಿಗೆ ಹೋಗುವವರಾಗಲಿ, ಮನೆಯಲ್ಲೇ ನೀರಿನ ಬಾಟಲಿ ಹಿಡಿದು ಮಾಡುವವರಾಗಲಿ, ಕ್ರಮ ಒಂದೇ. ಸೆರಗು ಸೊಂಟಕ್ಕೆ ಸಿಕ್ಕಿಸಿ, ನೆರಿಗೆ ಕಾಲಿಗೆ ತೊಡರದ ಹಾಗೆ ಮೇಲಕ್ಕೆ ಎತ್ತಿ ಕಟ್ಟಿ. ಚೂಡಿದಾರವಾದರೆ ದುಪಟ್ಟಾ ತೆಗೆದಿಡಿ. ಸಾಕ್ಸ್ ಹಾಕಿಕೊಂಡು ನುಣುಪು ನೆಲದ ಮೇಲೆ ಬೇಡ, ಜಾರುತ್ತದೆ.

ಮೊದಲ ಎರಡು ನಿಮಿಷ ಮನೆಯೊಳಗೇ, ಇಲ್ಲವೇ ಮಹಡಿಯ ಮೇಲೆ ಮೆಲ್ಲಗೆ ನಡೆಯಿರಿ. ಜಾಗವಿಲ್ಲವೇ? ನಿಂತಲ್ಲೇ ಹೆಜ್ಜೆ ಹಾಕಿ. ಮುಂದಿನ ಎರಡು ನಿಮಿಷ ಅದೇ ನಡಿಗೆ ಕೊಂಚ ಚುರುಕಾಗಲಿ, ಕೈಗಳು ಶಾಲೆಯ ಮಕ್ಕಳ ಕವಾಯತಿನಂತೆ ಬೀಸಾಡಲಿ, ಮಂಡಿ ಸ್ವಲ್ಪ ಮೇಲೆ ಬರಲಿ. ಎಷ್ಟು ಚುರುಕು ಎಂದರೆ, ಪಕ್ಕದ ಮನೆಯವರ ಜೊತೆ ಮಾತಾಡಲು ಆಗಬೇಕು, ಉಸಿರು ಮಾತ್ರ ಕೊಂಚ ಜೋರಾಗಿರಬೇಕು. ಮಾತು ತುಂಡುತುಂಡಾಗುತ್ತಿದೆ ಎಂದರೆ ಅತಿಯಾಯಿತು, ಇಳಿಸಿ.

ಇಷ್ಟಾದ ಮೇಲೆ ಕೀಲುಗಳು. ಭುಜವನ್ನು ಹಿಂದಕ್ಕೆ ಹತ್ತು ಸುತ್ತು, ಮುಂದಕ್ಕೆ ಹತ್ತು ಸುತ್ತು. ತೋಳನ್ನು ಪೂರ್ತಿ ಬೀಸಿ, ಮೊದಲು ಸಣ್ಣ ಸುತ್ತು, ಆಮೇಲೆ ದೊಡ್ಡದು. ಬೀಸುವ ಕಲ್ಲು ತಿರುಗಿಸಿದ ಹಾಗೆ ಸೊಂಟವನ್ನು ಆ ಕಡೆ ಐದು, ಈ ಕಡೆ ಐದು. ಗೋಡೆ ಹಿಡಿದು ಹಿಮ್ಮಡಿ ಎತ್ತಿ ಇಳಿಸಿ, ಹದಿನೈದು ಸಲ. ಕೊನೆಗೆ ಗಟ್ಟಿಯಾದ ಕುರ್ಚಿಯೊಂದನ್ನು ಗೋಡೆಗೆ ಒತ್ತಿಟ್ಟು, ಕೈ ಊರದೆ ಏಳುವುದು, ಕೂರುವುದು, ಹತ್ತು ಸಲ. ಇದು ಬಸ್ಕಿಯ ತಂಗಿ ಎಂದುಕೊಳ್ಳಿ. ಕೈ ಊರದೆ ಏಳಲು ಆಗದವರು ಒಂದು ಕೈ ಊರಿ ಏಳಿ, ನಾಚಿಕೆ ಏನಿಲ್ಲ. ಮೂಗಿನ ಮೇಲೆ ಸಣ್ಣಗೆ ಬೆವರು ಕಂಡರೆ ಕಾವಲಿ ಕಾದಿದೆ ಎಂದು ಅರ್ಥ.

ಹಗ್ಗದಾಟ, ಕುಪ್ಪಳಿಸುವುದು ಎಲ್ಲರಿಗೂ ಹೊಂದುವುದಿಲ್ಲ. ಮಂಡಿ ನೋವಿದ್ದವರು ಬಿಡಿ. ಇನ್ನೊಂದು ಮಾತು, ನಾವು ಹೆಂಗಸರು ಬಾಯಿಬಿಟ್ಟು ಹೇಳದ ಮಾತು: ಕೆಮ್ಮಿದಾಗ, ಸೀನಿದಾಗ, ಕುಪ್ಪಳಿಸಿದಾಗ ಎರಡು ಹನಿ ಮೂತ್ರ ಹೋಗುವವರು ನಮ್ಮಲ್ಲಿ ಬಹಳ ಮಂದಿ ಇದ್ದೇವೆ. ಎರಡು-ಮೂರು ಹೆರಿಗೆಯಾದವರಲ್ಲಿ ಇದು ಇನ್ನೂ ಹೆಚ್ಚು. ಅದಕ್ಕೇ ಹೆದರಿ ವ್ಯಾಯಾಮವನ್ನೇ ಬಿಟ್ಟವರಿದ್ದಾರೆ. ಬಿಡಬೇಕಾಗಿಲ್ಲ, ಕುಪ್ಪಳಿಸುವ ಬದಲು ನಡೆಯಿರಿ. ಲೇಡಿ ಡಾಕ್ಟರ ಹತ್ತಿರ ಒಮ್ಮೆ ಹೇಳಿ. ಆ ಭಾಗದ ಸ್ನಾಯುಗಳಿಗೇ ಬೇರೆ ವ್ಯಾಯಾಮ ಇದೆ, ಬಹಳ ಜನಕ್ಕೆ ಗುಣ ಕಂಡಿದೆ.

ನಡಿಗೆಯಿಂದ ಮೈ ಕಾದರೂ ಅರ್ಧ ಕೆಲಸವೇ ಆದದ್ದು. ಯಾವ ಭಾರ ಎತ್ತಲಿದ್ದೀರೋ ಅದೇ ಚಲನೆಯನ್ನು ಮೊದಲು ಬರೀ ಕೈಯಲ್ಲಿ, ಆಮೇಲೆ ಅರ್ಧ ಭಾರದಲ್ಲಿ ಮಾಡಿ ನೋಡಬೇಕು. ನಾಲ್ಕು ಕೆ.ಜಿ. ಡಂಬೆಲ್ ಎತ್ತುವವರು ಮೊದಲು ಖಾಲಿ ಕೈ ಹತ್ತು ಸಲ, ಎರಡು ಕೆ.ಜಿ. ಎಂಟು ಸಲ, ಆಮೇಲೆ ನಾಲ್ಕು. ಮನೆಯಲ್ಲಿ ಡಂಬೆಲ್ ಇಲ್ಲವೆಂದರೆ ಒಂದು ಲೀಟರಿನ ಬಾಟಲಿ ಒಂದು ಕೆ.ಜಿ., ಎರಡು ಲೀಟರಿನದು ಎರಡು. ಅಡುಗೆ ಎಣ್ಣೆಯ ಐದು ಲೀಟರಿನ ಕ್ಯಾನು ಐದು ಕೆ.ಜಿ. ಎಂದುಕೊಳ್ಳಬೇಡಿ. ಎಣ್ಣೆ ನೀರಿಗಿಂತ ಹಗುರ, ನಾಲ್ಕೂವರೆ ಚಿಲ್ಲರೆ ಆಗುತ್ತದೆ. ಅದರ ಹಿಡಿಕೆ ಕೈಗೆ ಚೆನ್ನಾಗಿ ಕೂರುತ್ತದೆ.

ಭಾರ ಎತ್ತುವಾಗ ಉಸಿರು ಕಟ್ಟಬೇಡಿ, ಎತ್ತುತ್ತಾ ಉಸಿರು ಬಿಡಿ. ಕಟ್ಟಿದರೆ ರಕ್ತದೊತ್ತಡ ತಟ್ಟನೆ ಏರುತ್ತದೆ. ನೀರಿನ ಕ್ಯಾನಾದರೆ ಮಂಡಿ ಮಡಿಸಿ, ಎದೆಗೆ ಹತ್ತಿರ ತಂದುಕೊಂಡು ಏಳಿ. ಎತ್ತಿದ ಮೇಲೆ ಸೊಂಟ ತಿರುಚದೆ ಕಾಲಿನಿಂದ ತಿರುಗಿ. ಸಿಲಿಂಡರಂತೂ ಒಬ್ಬರೇ ಎತ್ತುವ ವಸ್ತುವೇ ಅಲ್ಲ, ಎಷ್ಟೇ ವಾರ್ಮ್‌ಅಪ್ ಮಾಡಿರಲಿ. ತಂದವರಿಂದಲೇ ಅಡುಗೆಮನೆಯವರೆಗೆ ಇಡಿಸಿಕೊಳ್ಳಿ.

ನೀವು ಕೇಳಬಹುದಾದ್ದು

‘ಬೆಳಗಿನಿಂದ ಅಡುಗೆಮನೆಯಲ್ಲಿ ಬೆಂದು ಬಂದಿದ್ದೀನಿ, ಬೆವರು ಇನ್ನೂ ಆರಿಲ್ಲ, ಮತ್ತೆ ಯಾಕ್ರೀ ವಾರ್ಮ್‌ಅಪ್?’ ಎಂದು ಬಹಳ ಜನ ಕೇಳುತ್ತಾರೆ. ಒಲೆಯ ಬೆವರೇ ಬೇರೆ, ಮೈಯ ಬೆವರೇ ಬೇರೆ. ಒಲೆ ಮುಂದೆ ನಿಂತಾಗ ಬಿಸಿ ಬರುವುದು ಹೊರಗಿನಿಂದ, ಚರ್ಮಕ್ಕೆ. ಕಾಲಿನ ಸ್ನಾಯು ಎರಡು ಗಂಟೆ ನಿಂತಲ್ಲೇ ನಿಂತು ಮರಗಟ್ಟಿರುತ್ತದೆ. ಮನೆಯಿಂದ ಜಿಮ್ಮಿಗೆ ಹದಿನೈದು ನಿಮಿಷ ನಡೆದೇ ಹೋಗುವವರಿಗೆ ಮಾತ್ರ ನಡಿಗೆಯ ಭಾಗ ಮಾಫಿ. ಭುಜ, ಸೊಂಟ ಆಡಿಸಿಕೊಂಡರೆ ಸಾಕು. ಸ್ಕೂಟರಿನಲ್ಲಿ ಹೋಗುವವರಿಗೆ ಮಾಫಿ ಇಲ್ಲ.

ಎಂಟು ನಿಮಿಷ ಮಾಡಿ ಆಮೇಲೆ ಮೂಲೆಯಲ್ಲಿ ಕೂತು ಮೊಬೈಲ್ ನೋಡುತ್ತಾ ಹದಿನೈದು ನಿಮಿಷ ಕಳೆದರೆ ಕಾದದ್ದು ಬಹುಮಟ್ಟಿಗೆ ಆರಿಹೋಗುತ್ತದೆ. ಒಲೆ ಆರಿಸಿದ ಕಾವಲಿ!

ಇದಕ್ಕೆ ತದ್ವಿರುದ್ಧವಾದದ್ದೂ ಇದೆ. ಸಣ್ಣಗಾಗುವ ಆಸೆಗೆ ಟ್ರೆಡ್‌ಮಿಲ್ ಮೇಲೆ ಮುಕ್ಕಾಲು ಗಂಟೆ ಓಡಿ, ಸುಸ್ತಾದ ಮೇಲೆ ಶಾಸ್ತ್ರಕ್ಕೆ ನಾಲ್ಕು ಸಲ ಭಾರ ಎತ್ತಿ ಮನೆಗೆ ಹೋಗುತ್ತಾರೆ. ಅದು ವಾರ್ಮ್‌ಅಪ್ ಅಲ್ಲ. ದಣಿದ ಕೈಕಾಲಿನಲ್ಲಿ ಭಾರ ಎತ್ತುವುದೂ ತಣ್ಣನೆಯ ಮೈಯಲ್ಲಿ ಎತ್ತಿದಷ್ಟೇ ಅಪಾಯ. ನನ್ನ ಅಭಿಪ್ರಾಯ ಕೇಳಿದರೆ, ಹೆಂಗಸರನ್ನು ಯಂತ್ರದ ಮೇಲೆ ನಡೆಯಲು ಅಟ್ಟಿ, ಭಾರದ ಹತ್ತಿರ ಬಿಡದಿರುವುದೇ ಹಲವು ಕಡೆ ನಡೆದಿರುವ ತಪ್ಪು. ಮುಟ್ಟು ನಿಂತ ಮೇಲೆ ನಮ್ಮ ಮೂಳೆ ಬೇಗ ಸವೆಯುತ್ತದೆ, ಸ್ನಾಯು ಕರಗುತ್ತದೆ. ಭಾರ ಎತ್ತುವ ವ್ಯಾಯಾಮ ಅದನ್ನು ತಡೆಹಿಡಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಸಲಹೆಯಲ್ಲೂ, ನಡಿಗೆಯಂಥ ವ್ಯಾಯಾಮದ ಜೊತೆಗೆ ವಾರಕ್ಕೆ ಕನಿಷ್ಠ 2 ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಇರಲೇಬೇಕು ಎಂದಿದೆ.

ಮೊದಲೇ ಬಗ್ಗಿ ಕಾಲ್ಬೆರಳು ಮುಟ್ಟಿ, ಮೈಯನ್ನು ಎಳೆದು ಎಳೆದು ನಿಮಿಷಗಟ್ಟಲೆ ಹಿಡಿದು ನಿಲ್ಲುವವರೂ ಇದ್ದಾರೆ. ನಮ್ಮ ಶಾಲೆಯ ದಿನಗಳ ಡ್ರಿಲ್ಲಿನಲ್ಲಿ ಹಾಗೆಯೇ ಕಲಿಸಿದ್ದರು. ಈಗಿನ ತಿಳಿವಳಿಕೆ ಬೇರೆ. ತಣ್ಣಗಿರುವಾಗ ಹಾಗೆ ಬಹಳ ಹೊತ್ತು ಎಳೆದು ಹಿಡಿದರೆ ಸ್ನಾಯುವಿನ ಬಲ ಆ ಹೊತ್ತಿಗೆ ಕೊಂಚ ಕುಗ್ಗುತ್ತದೆ. ಎಳೆಯುವುದೆಲ್ಲ ಕೊನೆಗೆ, ಭಾರ ಇಳಿಸಿದ ಮೇಲೆ, ಮೈ ಬಿಸಿ ಇರುವಾಗ ಮಾಡಿದರೆ ಹಿತ.

ಮಲೆನಾಡಿನ ಚಳಿಗಾಲದಲ್ಲಿ ಎಂಟರ ಬದಲು ಹನ್ನೆರಡು ನಿಮಿಷ ತೆಗೆದುಕೊಳ್ಳಿ, ಸ್ವೆಟರು ಹಾಕಿಕೊಂಡೇ ಶುರುಮಾಡಿ. ಬಳ್ಳಾರಿ, ರಾಯಚೂರಿನ ಬೇಸಿಗೆಯಲ್ಲಿ ಐದು ನಿಮಿಷ ಸಾಕು. ಅಲ್ಲಿ ಬಿಸಿಲೇರುವ ಮುಂಚೆ ಮುಗಿಸುವುದು ಮುಖ್ಯ. ಊಟವಾದ ಮೇಲೆ ಎರಡು ಗಂಟೆಯಾದರೂ ಬಿಡಿ.

ಯಾವ ನೋವು, ಎಂಥ ನೋವು

ವಾರ್ಮ್‌ಅಪ್ ಮಾಡಿದವರಿಗೆ ನೋವೇ ಬರುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಹೊಸದಾಗಿ ಭಾರ ಎತ್ತಿದ ಮಾರನೆಯ ದಿನ, ಅದರ ಮಾರನೆಯ ದಿನ, ತೊಡೆ ತೋಳು ಎಲ್ಲ ಹಿಡಿದುಕೊಂಡ ಹಾಗೆ ಇರುತ್ತದೆ. ಮದುವೆ ಮನೆಯಲ್ಲಿ ದುಡಿದು ಬಂದ ಮಾರನೆಯ ದಿನದ ನೋವು ನಿಮಗೆ ಗೊತ್ತಲ್ಲ, ಅಂಥದು. ಎರಡೂ ಕಡೆ ಸಮನಾಗಿರುತ್ತದೆ, ಮುಟ್ಟಿದರೆ ನೋಯುತ್ತದೆ, ಓಡಾಡಿದರೆ ಸಡಿಲವಾಗುತ್ತದೆ, ಮೂರು ನಾಲ್ಕು ದಿನಕ್ಕೆ ತಾನೇ ಹೋಗುತ್ತದೆ. ಇದಕ್ಕೆ ಹೆದರಿ ಬಿಡಬಾರದು. ಅಂಥ ದಿನ ಭಾರ ಬಿಟ್ಟು ಬರೀ ಎಂಟು ನಿಮಿಷದ್ದು ಮಾಡಿ.

ಬೇರೆ ನೋವು ಬೇರೆ ಥರ. ಎತ್ತುವ ಕ್ಷಣದಲ್ಲೇ ಚಳಕ್ ಎಂದು ಹೊಡೆಯುವುದು, ಒಂದೇ ಕೀಲಿನಲ್ಲಿ ಇರುವುದು, ಊದಿಕೊಳ್ಳುವುದು, ಸೊಂಟದಿಂದ ಕಾಲಿನ ಕೆಳಗೆ ಜೋಮು ಇಳಿಯುವುದು. ಅಲ್ಲಿಗೇ ನಿಲ್ಲಿಸಿ. ಕಾಲಿನ ಬಲ ಕಡಿಮೆಯಾದರೆ, ಇಲ್ಲವೇ ಮಲಮೂತ್ರದ ಹಿಡಿತ ತಪ್ಪಿದರೆ ಆ ಹೊತ್ತಿಗೇ ಆಸ್ಪತ್ರೆಗೆ ಹೋಗಬೇಕು. ಎದೆ ಬಿಗಿಯುವುದು, ದವಡೆಗೋ ಎಡ ತೋಳಿಗೋ ನೋವು ಹರಡುವುದು, ತಣ್ಣನೆ ಬೆವರು, ವಾಕರಿಕೆ, ಹಿಂದೆಂದೂ ಕಾಣದ ಸುಸ್ತು ಕಂಡರೂ ಅಷ್ಟೇ. ಹೆಂಗಸರು ಇದನ್ನು ‘ಗ್ಯಾಸ್ ಇರಬೇಕು’ ಅಂತ ಓಂಕಾಳು ನೀರು ಕುಡಿದು ಮಲಗುತ್ತಾರೆ. ಆ ತಪ್ಪು ಮಾಡಬೇಡಿ.

ಬಿ.ಪಿ., ಹೃದ್ರೋಗ, ಸಕ್ಕರೆ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವವರು, ಗರ್ಭಿಣಿಯರು, ಬಾಣಂತನ ಮುಗಿಸಿದವರು, ಮೂಳೆ ಸವೆದಿದೆ ಎಂದು ಗೊತ್ತಾದವರು ಡಾಕ್ಟರನ್ನು ಕೇಳಿಯೇ ಶುರುಮಾಡಿ. ಇನ್ಸುಲಿನ್ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ಬೇಡ, ಕೈಗೆಟುಕುವಲ್ಲಿ ಒಂದು ಚೂರು ಬೆಲ್ಲವೋ ಸಕ್ಕರೆಯೋ ಇರಲಿ.

ಭುಜ ಹಿಡಿದುಕೊಂಡು ಬಿಟ್ಟಿದ್ದ ಆ ನನ್ನ ಪರಿಚಯದಾಕೆ ಒಂದು ವರ್ಷದ ಮೇಲೆ ಮತ್ತೆ ಹೋಗತೊಡಗಿದ್ದಾರೆ. ಮೂಳೆ ಪರೀಕ್ಷೆ ಮಾಡಿಸಿದಾಗ ಡಾಕ್ಟರೇ ‘ಭಾರ ಎತ್ತಬೇಕಮ್ಮ ನೀವು’ ಎಂದರಂತೆ. ಈ ಸಲ ಒಂದು ಕೆ.ಜಿ.ಯಿಂದ ಶುರು. ತಡವಾದ ದಿನ ಭಾರದ ಭಾಗವನ್ನು ಕಡಿಮೆ ಮಾಡುತ್ತಾರೆ, ಮೊದಲ ಎಂಟು ನಿಮಿಷವನ್ನಲ್ಲ. ತಡವಾಗುವುದೂ ಈಗ ಕಡಿಮೆ. ‘ಹೋಗಮ್ಮ, ಸಾರು ನಾನು ನೋಡ್ಕೋತೀನಿ’ ಅಂತ ಅತ್ತೆಯೇ ಹತ್ತು ಗಂಟೆಗೆ ಹೊರಡಿಸುತ್ತಾರಂತೆ.